ಟೈರಿನ ಒಳಮಗ್ಗುಲು

ಕಳೆದ ವಾರ ಹಾಸನದ ಒಂದು ಟೈರ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬಿಸಿಲಿಗೆ ಕಾದ ತಗಡಿನ ಚಾವಣಿಯ ಕೆಳಗೆ ಒತ್ತೊತ್ತಾಗಿ ಪೇರಿಸಿಟ್ಟ ಟೈರುಗಳ ವಾಸನೆ. ಅದರ ಜೊತೆಗೆ ಹೊಳಪಿಗೆಂದು ಬಳಿಯುವ ಪಾಲಿಶಿನ ಘಾಟು. ನಮ್ಮ ಟ್ರೈಲರಿಗೆ ಟೈರು ಬದಲಾಯಿಸಬೇಕಿತ್ತು. ಅಂಗಡಿಯವರು ಕುರ್ಚಿ ಎಳೆದು ಕೂರಲು ಹೇಳಿದರು. ನನಗೆ ಕೂರಲಾಗಲಿಲ್ಲ. ಆ ವಾಸನೆಗೆ ನಾನು ಒಮ್ಮೆಲೇ ಅರಸೀಕೆರೆಯ ಒಂದು ಅಂಗಡಿಯ ಮುಂದೆ ನಿಂತುಬಿಟ್ಟಿದ್ದೆ…

ಅರಸೀಕೆರೆಯ ಆ ಅಂಗಡಿಯ ಯಜಮಾನನನ್ನು ನಮ್ಮ ಮನೆಯಲ್ಲಿ ಎಲ್ಲರೂ ಟೈರಣ್ಣ ಎನ್ನುತ್ತಿದ್ದೆವು. ಅವನು ನನ್ನ ಒಡಹುಟ್ಟಿದ ಅಣ್ಣನ ಗೆಳೆಯ, ಅರಸೀಕೆರೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಭಾನುವಾರ ಬಂತೆಂದರೆ ಇಬ್ಬರೂ ಒಂದು ಸ್ಕೂಟರಿನಲ್ಲಿ ಜಾವಗಲ್ ದಾಟಿಕೊಂಡು ಹಳೇಬೀಡಿನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನನ್ನ ಅಣ್ಣ ಜ್ವರ ಹತ್ತಿ, ಏನು ಎತ್ತ ಎಂದು ತಿಳಿಯುವ ಮೊದಲೇ ತೀರಿಹೋದ. ಆಮೇಲೂ ಇವನು ಭಾನುವಾರ ಬರುವುದನ್ನು ಬಿಡಲಿಲ್ಲ. ಮೊದಲ ಸಲ ಒಬ್ಬನೇ ಬಂದಾಗ ಅಮ್ಮ ಅವನನ್ನು ನೋಡಿ ಒಳಗೆ ಹೋಗಿ ಅತ್ತಳಂತೆ. ಅತ್ತು ಬಂದು ಅಣ್ಣನ ತಟ್ಟೆಯಲ್ಲೇ ಅವನಿಗೆ ಬಡಿಸಿದಳು. ಆವತ್ತಿನಿಂದ ಅದು ಅವನದೇ ತಟ್ಟೆಯಾಯಿತು.

ನನಗೆ ಜೀಪು ಓಡಿಸಲು ಕಲಿಸಿದವನು ಅವನು. ನನ್ನ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಂತು ಬೀಗರನ್ನು ಎದುರುಗೊಂಡವನು ಅವನು. ನನ್ನ ಹೆಂಡತಿ ಅವನನ್ನು ಭಾವ ಎಂದೇ ಕರೆಯುತ್ತಿದ್ದಳು. ನನಗೆ ತಲೆ ನರೆತ ಮೇಲೂ ಅವನು ‘ಏನ್ಲಾ ಚಿಕ್ಕೋನೆ’ ಎಂದೇ ಮಾತು ಶುರು ಮಾಡುತ್ತಿದ್ದ. ಹಾಗೆ ಕರೆಯುವವರು ಇನ್ಯಾರೂ ಉಳಿದಿರಲಿಲ್ಲ.

ಟ್ರೈಲರ್ ಮಾಡಿಸುವ ಯೋಚನೆಯೂ ಅವನದೇ. ನಾವು ಜೈನರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ನೀರು ಬಟ್ಟೆಯಲ್ಲಿ ಸೋಸಿದ್ದಾಗಿರಬೇಕು, ಅಡಿಗೆಯಲ್ಲಿ ಗೆಡ್ಡೆಗೆಣಸು ಇರಬಾರದು. ಅಮ್ಮ ಈ ವಿಷಯದಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡುವವಳಲ್ಲ. ಯಾತ್ರೆಗೆ ಹೊರಟರೆ ದಿನಗಟ್ಟಲೆ ಬಾಳೆಹಣ್ಣು, ಎಳನೀರಿನ ಮೇಲೇ ಇರುತ್ತಿದ್ದಳು. ಒಂದು ಭಾನುವಾರ ಟೈರಣ್ಣ ಊಟ ಮಾಡುತ್ತಾ ಹೇಳಿದ, “ಹೋಟ್ಲು ಹುಡುಕೋ ಬದ್ಲು ಅಡಿಗೆಮನೇನೇ ಜೀಪಿನ ಹಿಂದೆ ಕಟ್ಕೊಂಡು ಹೋಗಾನ ಕಣಮ್ಮ.” ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಅರಸೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ತಾನೇ ನಿಂತು ಮಾಡಿಸಿದ. ಒಳಗೆ ಒಲೆ, ನೀರಿನ ಡ್ರಮ್ಮು, ಪಾತ್ರೆಗೆ ಕಟ್ಟು ಹಾಕಿದ ಹಲಗೆ, ಒಂದು ಕಡೆ ಕಿರಿದಾದ ಮಂಚ. ಊರವರು ಅದಕ್ಕೆ ಅಡಿಗೆಮನೆ ಗಾಡಿ ಎಂದು ಹೆಸರಿಟ್ಟರು. ಮೂಡಬಿದಿರೆ, ಕಾರ್ಕಳ, ಬೆಳಗೊಳ ಎಂದು ಎಷ್ಟು ತಿರುಗಿದೆವೋ. ಕೆಲವು ಸಲ ಟೈರಣ್ಣನೇ ಅಂಗಡಿಗೆ ಬೀಗ ಹಾಕಿ ಜೀಪು ಓಡಿಸಲು ಬರುತ್ತಿದ್ದ. ದಾರಿ ಬದಿಯ ಮರದಡಿ ಗಾಡಿ ನಿಲ್ಲಿಸಿ ಅಮ್ಮ ದೋಸೆ ಹುಯ್ಯುವಾಗ ಅವನ ಮುಖ ನೋಡಬೇಕಿತ್ತು…

ಆಮೇಲೆ ಅಮ್ಮನ ಬೆನ್ನು ಕೆಟ್ಟಿತು. ಜೀಪಿನ ಸೀಟಿನಲ್ಲಿ ಹೆಚ್ಚು ಹೊತ್ತು ಕೂರಲು ಆಗದು. ಟ್ರೈಲರಿನ ಮಂಚದ ಮೇಲೆ ಮಲಗಿಕೊಂಡು ಬರತೊಡಗಿದಳು. ಆ ಮಂಚಕ್ಕೆ ದಪ್ಪನೆಯ ಸ್ಪಂಜು ತಂದು ಹಾಕಿ, ಕುಲುಕಿದರೆ ಹಿಡಿದುಕೊಳ್ಳಲು ಕಂಬಿ ಕೂರಿಸಿಕೊಟ್ಟವನೂ ಟೈರಣ್ಣನೇ. ಅಲ್ಲಿ ಮಲಗುವವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇಲ್ಲಿ ಹೇಳಲೇಬೇಕು.

ಟೈರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವನು ಹೇಳಿಕೊಟ್ಟಿದ್ದು. “ಟ್ರೈಲರ್ ಟೈರು ಸವೆದು ಸಾಯಲ್ಲ ಕಣ್ಲಾ, ವಯಸ್ಸಾಗಿ ಸಾಯ್ತದೆ,” ಎನ್ನುತ್ತಿದ್ದ. ವರ್ಷದಲ್ಲಿ ಬಹುಪಾಲು ಗಾಡಿ ನಿಂತೇ ಇರುತ್ತದೆ. ರಸ್ತೆಗೆ ತಾಗುವ ಕಡೆಯ ರಬ್ಬರ್ ಗುಂಡಿಗಳೆಲ್ಲ ಹೊಸದರಂತೆ ಕಾಣುತ್ತವೆ. ಒಳಗೆ ಮಾತ್ರ ರಬ್ಬರು ಒಣಗಿ ಹೋಗಿರುತ್ತದೆ. ಅದಕ್ಕೇ ಮೇಲ್ಮೈ ನೋಡಿ ಮೋಸ ಹೋಗಬಾರದು, ಪಕ್ಕೆಯಲ್ಲಿ ಸಣ್ಣ ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡಬೇಕು. ಕಾರಿನ ಟೈರು ಅಗ್ಗವೆಂದು ಹಾಕಿಸಬಾರದು, ತುಂಬಿದ ಗಾಡಿಯ ಭಾರವನ್ನು ಅದರ ಪಕ್ಕೆ ತಡೆಯುವುದಿಲ್ಲ. ಎಷ್ಟು ಭಾರ ಹೊರುತ್ತದೆಂದು ಟೈರಿನ ಮೇಲೆಯೇ ಬರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಹುಟ್ಟಿದ ತಾರೀಖು. ಪಕ್ಕೆಯ ಮೇಲೆ ಸಣ್ಣ ಚೌಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. “ಯಾವನೇ ಆಗ್ಲಿ, ಅದನ್ನ ನೋಡ್ದೆ ಟೈರು ತಗೋಬೇಡ. ನಿಮ್ಮಪ್ಪನೇ ಬಂದು ಮಾರಿದ್ರೂ ನೋಡು.”

ಮೊದಲ ಟೈರುಗಳಿಗೆ ವಯಸ್ಸಾಯಿತು. ಪಕ್ಕೆ ಬಿರುಕು ಬಿಟ್ಟಿದ್ದವು. ಬೇಲೂರಿನ ಪರಿಚಯದವರೊಬ್ಬರು ಹಾಸನದಲ್ಲಿ ಒಳ್ಳೆಯ ಅಂಗಡಿ ಇದೆ ಎಂದರು. ಮನೆಯವನೇ ಆದ ಟೈರಣ್ಣ ಇರುವಾಗ ಹಾಸನಕ್ಕೆ ಯಾಕೆ ಹೋಗಲಿ? ನಾನೂ ನನ್ನ ಹೆಂಡತಿಯೂ ಗಾಡಿ ಎಳೆದುಕೊಂಡು ಅರಸೀಕೆರೆಗೆ ಹೋದೆವು. ಅವನು ಮೊದಲೇ ಎರಡೂ ಟೈರು ತೆಗೆದಿಟ್ಟಿದ್ದ. ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ನಮ್ಮನ್ನು ಎದುರಿನ ಅಂಗಡಿಗೆ ಬಾದಾಮಿ ಹಾಲು ಕುಡಿಯಲು ಕಳಿಸಿದ. ನಾವು ಬರುವಷ್ಟರಲ್ಲಿ ಟೈರು ಗಾಡಿಗೆ ಕೂತಿದ್ದವು.

ನನ್ನ ಹೆಂಡತಿ ಬಗ್ಗಿ ನೋಡಿ ಕೇಳಿದಳು, “ಭಾವ, ತಾರೀಖು ಎಲ್ಲಿದೆ? ಕಾಣ್ತಾ ಇಲ್ವಲ್ಲ.”

“ಅದು ಒಳಮಗ್ಗುಲಿಗೆ ಹೋಯ್ತು ಕಣಮ್ಮ. ಚೆಂದ ಕಾಣೋ ಮಗ್ಗುಲು ಹೊರಗಿರ್ಲಿ ಅಂತ ಹಂಗೆ ಹಾಕ್ದೆ. ಮೊನ್ನೆ ಬಂದಿರೋ ಮಾಲು.”

ಅವಳು ಮತ್ತೆ ಬಗ್ಗುವಳೇನೋ ಎಂದು ನನಗೆ ಮುಜುಗರವಾಯಿತು. ಅಣ್ಣನ ಮುಂದೆ ಹಾಗೆ ಪರೀಕ್ಷೆ ಮಾಡುವುದೇ? “ಬಾರೇ, ಹೊತ್ತಾಯ್ತು,” ಎಂದು ಹೊರಡಿಸಿದೆ. ಅವನು ನಕ್ಕು ಅವಳ ಕೈಗೆ ಅಮ್ಮನಿಗೆಂದು ಒಂದು ಚೀಲ ಕಿತ್ತಳೆ ಕೊಟ್ಟ.

ಆ ಟೈರುಗಳು ಮೊದಲ ಯಾತ್ರೆಯನ್ನೂ ಮುಗಿಸಲಿಲ್ಲ. ಬೆಳಗೊಳಕ್ಕೆಂದು ಮುಂಜಾನೆ ಹೊರಟಿದ್ದೆವು. ಹಗರೆ ಇನ್ನೇನು ಸಿಗಬೇಕು ಎನ್ನುವಾಗ ಹಿಂದೆ ಬಾಂಬು ಸಿಡಿದಂತೆ ಸದ್ದಾಯಿತು. ಸ್ಟಿಯರಿಂಗ್ ನನ್ನ ಕೈ ಮೀರಿ ಎಳೆಯಿತು. ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಟ್ರೈಲರ್ ಎಡಕ್ಕೆ ವಾಲಿ ಚರಂಡಿಯೊಳಕ್ಕೆ ಮಲಗಿತು. ನಾನು ಓಡಿ ಹೋಗುವಷ್ಟರಲ್ಲಿ ನನ್ನ ಹೆಂಡತಿ ಬಾಗಿಲು ಕಿತ್ತುಕೊಂಡು ಒಳಗೆ ನುಗ್ಗಿದ್ದಳು. ಅಮ್ಮ ಪಾತ್ರೆಗಳ ಅಡಿಯಲ್ಲಿದ್ದಳು. ಡ್ರಮ್ಮಿನ ನೀರೆಲ್ಲ ಅವಳ ಮೇಲೆ. ಎಚ್ಚರವಿತ್ತು. “ಒಲೆ ಹಚ್ಚಿರಲಿಲ್ಲ ಅಲ್ವಾ?” ಎಂದು ಕೇಳಿದಳು, ಅಷ್ಟೇ. ಡೈರಿಗೆ ಹಾಲು ಹಾಕಲು ಬಂದಿದ್ದ ಹಗರೆಯ ಜನ ಕ್ಯಾನು ಅಲ್ಲಲ್ಲೇ ಇಟ್ಟು ಓಡಿ ಬಂದರು. ಹಲಗೆಯ ಮೇಲೆ ಅವಳನ್ನು ಮಲಗಿಸಿ ಟೆಂಪೋದಲ್ಲಿ ಹಾಸನಕ್ಕೆ ಸಾಗಿಸಿದೆವು. ಸೊಂಟದ ಮೂಳೆ ಮುರಿದಿತ್ತು.

ಟೈರಣ್ಣ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಗೆ ಬಂದ. ಅಮ್ಮನ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತ. ಅವನ ಕಣ್ಣಲ್ಲಿ ನೀರಿತ್ತು. ಅಮ್ಮನೇ ಅವನ ತಲೆ ಸವರಿ “ಸುಮ್ನಿರೋ, ಸಾಯೋ ಅಂಥದ್ದೇನೂ ಆಗಿಲ್ಲ” ಎಂದಳು. ಆಮೇಲೆ ಅವನು ನನ್ನನ್ನು ಹೊರಗೆ ಕರೆದ.

“ಆ ಟೈರು ಎಲ್ಲೈತೆ?”

“ಹಗರೆ ಹತ್ರ. ಗಾಡಿ ಅಲ್ಲೇ ಬಿದ್ದಿದೆ.”

“ನಾನು ತರಿಸ್ಕೊತೀನಿ. ಕಂಪ್ನಿಯೋರ ಮುಖದ ಮೇಲೆ ಎಸೀಬೇಕು ಅದನ್ನ. ನೀನು ತಲೆ ಕೆಡಿಸ್ಕೋಬೇಡ, ಅಮ್ಮನ್ನ ನೋಡ್ಕೋ.”

ಎಂಥ ಹೊತ್ತಿನಲ್ಲೂ ನನ್ನ ಹೊರೆ ಹೊರುವವನು ಎಂದುಕೊಂಡೆ… ಅವತ್ತೇ ಸಂಜೆ ಅವನು ಸಿಡಿದ ಟೈರನ್ನು ಗಾಲಿ ಸಮೇತ ಬಿಚ್ಚಿಸಿಕೊಂಡು ಹೋದ.

ಇನ್ನೊಂದು ಟೈರು ಗಾಡಿಯಲ್ಲೇ ಉಳಿದಿತ್ತು. ಆ ಕಡೆಯ ಚಕ್ರ ಚರಂಡಿಯ ಕೆಸರಿನಲ್ಲಿ ಸಿಕ್ಕಿ ಜಜ್ಜಿಕೊಂಡು ಬಿಚ್ಚಲು ಬಂದಿರಲಿಲ್ಲ. ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಟ್ರೈಲರನ್ನು ಲಾರಿಗೆ ಹೇರಿಸಿ ಮನೆಗೆ ತಂದೆವು. ಅಂಗಳದಲ್ಲಿ ಅದು ಪಕ್ಕಕ್ಕೆ ಒರಗಿಕೊಂಡು ನಿಂತಿತ್ತು. ನನ್ನ ಹೆಂಡತಿ ಒಳಗಿನ ಪಾತ್ರೆಗಳನ್ನು ತೆಗೆಯಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಗಾಡಿಯ ಅಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಟೈರಿನ ಕೆಸರು ಒರೆಸುತ್ತಿದ್ದಳು.

“ಇಲ್ಲಿ ಬನ್ನಿ ರೀ.”

ನಾನು ಬಗ್ಗಿದೆ. ಒಳಮಗ್ಗುಲಿನಲ್ಲಿ ನಾಲ್ಕು ಅಂಕಿ ಸ್ಪಷ್ಟವಾಗಿದ್ದವು. ನಮ್ಮ ಮಗಳು ಹೈಸ್ಕೂಲು ಸೇರಿದ ವರ್ಷದ ಟೈರು ಅದು. ಅವಳ ಮದುವೆಯಾಗಿ ಆಗಲೇ ಒಂದು ಯುಗಾದಿ ಕಳೆದಿತ್ತು. ಕೆಸರು ಒರೆಸಿದಲ್ಲಿ ಪಾಲಿಶು ಬಿಟ್ಟು ಬಿರುಕುಗಳು ಬೆಳ್ಳಗೆ ಕಾಣುತ್ತಿದ್ದವು. ನಾನು ನಂಬುವುದಕ್ಕೆ ಬೇಕಾದಷ್ಟು ಹೊತ್ತು ಕಾದು, ನನ್ನ ಹೆಂಡತಿ ಎದ್ದು ಒಳಗೆ ಹೋದಳು.

ಮಾರನೆಯ ದಿನ ಅರಸೀಕೆರೆಗೆ ಹೋದೆ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ನನ್ನ ಮುಖ ನೋಡಿದವನೇ ‘ಏನ್ಲಾ ಚಿಕ್ಕೋನೆ’ ಎನ್ನಲಿಲ್ಲ. ಅಷ್ಟರಲ್ಲೇ ನನಗೆ ಎಲ್ಲ ತಿಳಿಯಿತು. ಅಲ್ಲಿಯವರೆಗೂ ಏನೋ ಒಂದು ತಪ್ಪು ನಡೆದಿರಬಹುದು, ಮಾಲು ಕಳಿಸಿದವರೇ ಅವನಿಗೂ ಮೋಸ ಮಾಡಿರಬಹುದು ಎಂದು ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ವಾದ ಮಾಡಿಕೊಂಡು ಹೋಗಿದ್ದೆ.

“ನಿಂಗೆ ಗೊತ್ತಿತ್ತಾ?” ಎಂದೆ.

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲಿಟ್ಟ. “ಗೋಡೌನಲ್ಲಿ ನಿಂತಿದ್ದ ಮಾಲು. ಒಂದು ಗಾಡಿಗೂ ಹಾಕಿರ್ಲಿಲ್ಲ ಕಣೋ. ನೋಡಕ್ಕೆ ಹೊಸದಂಗೇ ಇತ್ತು.”

“ಬೇರೆ ಯಾರಿಗಾದ್ರೂ ಕೊಡ್ತಿದ್ಯಾ ಅದನ್ನ?”

“ಬೇರೆಯೋರು ತಾರೀಖು ನೋಡ್ತಾರೆ.” ತಲೆ ತಗ್ಗಿಸಿದ. “ನೀನು ನೋಡಲ್ಲ ಅಂತ ಗೊತ್ತಿತ್ತು.”

ಜಗಳಕ್ಕೆಂದು ಹೋದವನು ನಾನು. ಆ ಮಾತಿನ ಮೇಲೆ ಜಗಳ ಆಡಲು ಏನೂ ಉಳಿಯಲಿಲ್ಲ. ಗಿರಾಕಿಗೆ ಮೋಸ ಮಾಡುವ ವ್ಯಾಪಾರಿಗಳನ್ನು ನಮ್ಮ ತೆಂಗಿನಕಾಯಿ ವ್ಯಾಪಾರದಲ್ಲಿ ನಾನೂ ಕಂಡಿದ್ದೇನೆ. ಅವರು ಗುರುತಿಲ್ಲದವರನ್ನು ಹುಡುಕುತ್ತಾರೆ. ಇವನು ಊರಿನಲ್ಲಿರುವ ಅಷ್ಟೂ ಜನರ ನಡುವೆ, ತನ್ನನ್ನು ಪೂರ್ತಿ ನಂಬಿದವನು ಯಾರೆಂದು ಯೋಚಿಸಿ ನನ್ನನ್ನು ಆರಿಸಿದ್ದ. ನಾನು ಮೆಟ್ಟಿಲಿಳಿದು ಬಂದೆ. ಅವನು ಕರೆಯಲಿಲ್ಲ.

ಅಮ್ಮನಿಗೆ ಹೇಳಲಿಲ್ಲ. ಅವಳು ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಹೊಂಬುಜದ ಬಸದಿಯ ಪದ್ಮಾವತಿ ದೇವಿಯನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಹಾಗೇ ಉಳಿಯಿತು. ಭಾನುವಾರ ಬಂದರೆ ಬಾಗಿಲ ಕಡೆ ನೋಡುತ್ತಿದ್ದಳು. “ಯಾಕೋ ಅವ್ನು ಬರ್ತಾನೇ ಇಲ್ಲ?” ಎಂದು ಕೇಳಿದರೆ ನಾನು ಅಂಗಡಿ, ಕೆಲಸ ಎಂದು ಏನೋ ಹೇಳುತ್ತಿದ್ದೆ.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನವೊಂದಿದೆ. ಚಿಕ್ಕವರು ದೊಡ್ಡವರೆನ್ನದೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಕೈ ಮುಗಿಯುತ್ತಾರೆ. ಬಸದಿಯಿಂದ ಬಂದವರೆಲ್ಲ ಅಮ್ಮನ ಮಂಚದ ಬಳಿ ಬಂದು ಹೋದರು. ಕೊನೆಗೆ ಅವಳು ನನ್ನನ್ನು ಕರೆದು ಹೇಳಿದಳು, “ಅವ್ನಿಗೂ ಒಂದು ಫೋನ್ ಮಾಡು. ನಮ್ಮಿಂದ ಅವ್ನ ಮನಸ್ಸಿಗೆ ಏನೋ ನೋವಾಗಿದೆ. ಟೈರಿಂದ ಹಿಂಗಾಯ್ತು ಅಂತ ನೀನೇನಾದ್ರೂ ಅಂದ್ಯೋ ಏನೋ. ಕ್ಷಮಿಸಪ್ಪ ಅಂತ ನಾನು ಹೇಳ್ದೆ ಅನ್ನು.”

ಫೋನು ಹಿಡಿದು ಹಿತ್ತಲಿಗೆ ಹೋದೆ. ಅವನ ನಂಬರು ಕಣ್ಣ ಮುಂದೆಯೇ ಇತ್ತು. ಒತ್ತಲಿಲ್ಲ. ಒಳಗೆ ಬಂದು “ತೆಗೀಲಿಲ್ಲಮ್ಮ” ಎಂದೆ. ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ಮತ್ತೆಂದೂ ಅವನ ಮಾತು ಎತ್ತಲಿಲ್ಲ. ಅವಳಿಗೆ ಎಷ್ಟು ತಿಳಿದಿತ್ತೋ…

ಅವಳು ಹೋದ ದಿನ ಅವನು ಬಂದಿದ್ದ. ಬೀದಿಯಲ್ಲಿ, ಎದುರು ಮನೆಯ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದ. ಒಳಗೆ ಬಾ ಎಂದು ನಾನು ಹೇಳಲಿಲ್ಲ. ಅವನೂ ಹೊಸ್ತಿಲು ಹತ್ತಲಿಲ್ಲ. ಹೆಣ ಎತ್ತಿದಾಗ ಹಿಂದೆ ಹಿಂದೆಯೇ ನಡೆದು ಬಂದು, ಯಾವಾಗಲೋ ಹೋಗಿಬಿಟ್ಟಿದ್ದ.

ಈ ಬೇಸಿಗೆಯಲ್ಲಿ ಅವನೂ ತೀರಿಕೊಂಡ. ಸುದ್ದಿ ತಂದ ಫೋನು ನನ್ನ ಹೆಂಡತಿಯೇ ಎತ್ತಿದ್ದು. “ಹೋಗಿ ಬನ್ನಿ,” ಎಂದಳು. “ಭಾವ ಅಲ್ವಾ.” ಜೀಪು ತೆಗೆದುಕೊಂಡು ಹೊರಟೆ. ಬಾಣಾವರದಲ್ಲಿ ಕಾಫಿ ಕುಡಿಯಲು ನಿಲ್ಲಿಸಿದೆ. ಕುಡಿದು ಮುಗಿಸಿದ ಮೇಲೂ ಏಳಲಾಗಲಿಲ್ಲ. ಅವನ ಮುಖ ನೋಡಿದರೆ ಅತ್ತುಬಿಡುತ್ತೇನೆ ಎನ್ನಿಸಿತು. ಅಳದೆ ನಿಂತರೆ ಅದಕ್ಕಿಂತ ಕಷ್ಟ ಎನ್ನಿಸಿತು. ಸ್ಟೇಷನ್ನಿನಲ್ಲಿ ರೈಲೊಂದು ಬಂದು ನಿಂತು, ಅರಸೀಕೆರೆಯ ಕಡೆಗೆ ಹೊರಟು ಹೋಯಿತು. ನಾನು ಜೀಪು ಹಿಂದಕ್ಕೆ ತಿರುಗಿಸಿದೆ. ನನ್ನ ಹೆಂಡತಿ ಇಷ್ಟು ಬೇಗ ಹೇಗೆ ಬಂದಿರಿ ಎಂದು ಕೇಳಲಿಲ್ಲ. ಸ್ನಾನಕ್ಕೆ ನೀರು ತೋಡಿಟ್ಟಳು.

ಟ್ರೈಲರನ್ನು ರಿಪೇರಿ ಮಾಡಿಸಿದ್ದು ಅವಳ ಹಟದಿಂದ. ಅತ್ತೆಗೆ ಆಗದ ಹೊಂಬುಜದ ಯಾತ್ರೆಯನ್ನು ತಾನು ಮಾಡುತ್ತೇನೆ ಎನ್ನುತ್ತಾಳೆ. ಗಾಡಿಯಲ್ಲಿ ಅಡಿಗೆ ಮಾತ್ರ, ಮನುಷ್ಯರಿಲ್ಲ. ಹಾಸನದ ಆ ಅಂಗಡಿಯಲ್ಲಿ ನಾನು ಟೈರುಗಳನ್ನು ನೆಲದ ಮೇಲೆ ಮಲಗಿಸಿ ಎರಡೂ ಮಗ್ಗುಲು ನೋಡಿದೆ. ಮೊಬೈಲಿನ ಬೆಳಕು ಬಿಟ್ಟು ತಾರೀಖು ಓದಿದೆ, ಭಾರದ ಅಂಕಿ ಓದಿದೆ, ಪಕ್ಕೆಯ ಮೇಲೆ ಬೆರಳಾಡಿಸಿದೆ. ಸ್ಟೆಪ್ನಿಯನ್ನೂ ಬಿಡಲಿಲ್ಲ. ನಟ್ಟು ಬಿಗಿಯುತ್ತಿದ್ದ ನಡುವಯಸ್ಸಿನ ಕೆಲಸಗಾರ ನೋಡಿ ನಕ್ಕ.

“ಬಾಳ ಹುಷಾರಾಗಿದ್ದೀರಿ ಸಾರ್. ಇದೆಲ್ಲ ಯಾರು ಹೇಳ್ಕೊಟ್ರು?”

“ಅರಸೀಕೆರೇಲಿ ನಮ್ಮಣ್ಣ ಒಬ್ಬ ಇದ್ದ. ಟೈರ್ ಅಂಗಡಿ ಇಟ್ಟಿದ್ದ.”

“ಈಗ ಇಲ್ವಾ?”

“ಇಲ್ಲ. ತೀರ್ಕೊಂಡ.”

“ಅಯ್ಯೋ. ಯಾವಾಗ ಸಾರ್?”

ಹೇಳಲು ಬಾಯಿ ತೆರೆದೆ. ಈ ಬೇಸಿಗೆ ಎನ್ನುವುದು ನಾಲಿಗೆಗೆ ಬರಲಿಲ್ಲ.

“ಬಾಳ ವರ್ಷ ಆಯ್ತು,” ಎಂದೆ.