ಟಿಟ್ಟಿಭದ ತತ್ತಿಗೆ ಕಾವಲು ನಿಂತ ಖಾದರಸಾಬರು

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಣ್ಣೂರಿನ ಬತ್ತಿದ ಹೊಳೆಯಲ್ಲಿ ಒಂದು ಯುದ್ಧ ಗೆದ್ದು ಬಂದಿದ್ದೇವೆ.

ಹಕ್ಕಿಗಳ ಸಂರಕ್ಷಣೆಗೆ ಹಣ ಕೂಡಿಸಲು ಬೇಸಿಗೆಯಲ್ಲಿ ಶುಲ್ಕ ಪಡೆದು ಏಳೆಂಟು ಜನರ ಗುಂಪನ್ನು ನಾನು ಅಲ್ಲಿಗೆ ಹಕ್ಕಿ ತೋರಿಸಲು ಕರೆದೊಯ್ಯುತ್ತೇನೆ. ಇಂದು ಗಜೇಂದ್ರಗಡದ ಸೀರೆ ವ್ಯಾಪಾರಿ ಖಾದರಸಾಬರು ಮಗಳ ಒತ್ತಾಯಕ್ಕೆ ಬಂದಿದ್ದರು. ದಾರಿಯುದ್ದಕ್ಕೂ ಗೊಣಗಾಟ: "ಹಕ್ಕಿ ನಮ್ಮ ಮಾಳಿಗಿ ಮ್ಯಾಲೂ ಕುಂದರ್ತಾವ್ರಿ. ಅದಕ್ಯಾಕ ರೊಕ್ಕ ಕೊಡಬೇಕು?"

ಉಸುಕಿನಲ್ಲಿ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ ತೋರಿಸಿದೆ. ಥೇಟ್ ಕಲ್ಲಿನ ಬಣ್ಣ. ಸಾಹೇಬರು ಬಗ್ಗಿ, ಬೆರಳು ಮಾಡಿ ಒಂದೊಂದಾಗಿ ಎಣಿಸಿದರು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ನೇರ ಅತ್ತಲೇ ಬಂತು. ನಾನು ಕೂಗುವ ಮೊದಲೇ ಅವರು ಕೈ ಅಗಲಿಸಿ ಅಡ್ಡ ನಿಂತಿದ್ದರು.

"ಸರೀರಿ ಕಾಕಾರ, ಹೊಲಕ್ಕ ಹೊತ್ತಾತು," ಎಂದ ಚಾಲಕ.

"ಇಲ್ಲಿ ತತ್ತಿ ಅದಾವಪಾ. ಹಾಯಿಸೋದಿದ್ರ ನನ್ನ ಮ್ಯಾಲ ಹಾಯಿಸು!"

ಅವನು ಇಳಿದು ಬಂದು ನೋಡಿದ. "ಖರೇನ ಅದಾವಲ್ರಿ!" ಎಂದು ನಕ್ಕು, ದೂರದಿಂದ ಸುತ್ತು ಹಾಕಿ ಹೋದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಖಾದರಸಾಬರು ಮುಂದಿನ ಐತವಾರಕ್ಕೆ ಮನೆಮಂದಿಯ ಹೆಸರನ್ನೆಲ್ಲ ಅಲ್ಲೇ ಬರೆಸಿದರು.

ಟಿಟ್ಟಿಭ ಮಾತ್ರ ಕಿರುಚುತ್ತ ಅವರ ಟೊಪ್ಪಿಗೆಯ ಮೇಲೆಯೇ ಎರಗುತ್ತಿತ್ತು.

"ನೋಡ್ರಿ, ಇದರ ಸಲುವಾಗಿ ಟ್ರ್ಯಾಕ್ಟರ್ ನಿಲ್ಲಿಸೀನಿ. ಬೈಯೋದು ಮಾತ್ರ ನನಗ!"