ಎಡಕ್ಕೆ ಎಳೆಯುವ ಸೈಕಲ್ಲಿನ ವಿಚಾರಣೆ

ನಮ್ಮ ಮನೆಯಲ್ಲಿ ಒಂದು ಸೈಕಲ್ ಎಡಕ್ಕೆ ಎಳೆಯುತ್ತಿತ್ತು. ಚಿಕಿತ್ಸೆ ಮಾತ್ರ ನನ್ನ ಅವ್ವನಿಗೆ ನಡೆಯುತ್ತಿತ್ತು.

ಅವ್ವ ಬೈಲಹೊಂಗಲದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಟ್ಟೆ ತರುವುದು, ಅಳತೆ ತೆಗೆದುಕೊಳ್ಳುವುದು, ಹೊಲಿದದ್ದನ್ನು ಮುಟ್ಟಿಸುವುದು ಎಲ್ಲವೂ ಆ ಲೇಡೀಸ್ ಸೈಕಲ್ಲಿನ ಮೇಲೆಯೇ. ಅವಳ ಗಿರಾಕಿಗಳಲ್ಲಿ ಹೆಚ್ಚಿನವರು ಊರಾಚೆಯ ಹೊಸ ಬಡಾವಣೆಗಳಲ್ಲಿದ್ದಾರೆ. ಬಾಗಿಲಿಗೇ ಬರುವವಳೆಂದು ಅವಳಿಗೆ ಬಟ್ಟೆ ಕೊಡುತ್ತಾರೆಯೇ ಹೊರತು, ನಮ್ಮ ಓಣಿಯ ತನಕ ನಡೆದು ಬರುವ ವ್ರತವನ್ನು ಅವರಾರೂ ಹಿಡಿದಿಲ್ಲ. ಸೈಕಲ್ ಹೋದರೆ ಅವಳ ಕೆಲಸವೂ ಹೋಗುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಎರಡು ವಾರದಲ್ಲಿ ಎರಡು ಸಲ ಗಟಾರಕ್ಕೆ ಬಿದ್ದಳು. ಎರಡೂ ಸಲ ರಸ್ತೆಯ ಎಡಬದಿಯ ಗಟಾರವೇ. ಇಷ್ಟು ಸ್ಥಿರವಾದ ಪುರಾವೆಯಿಂದ ಬೇರೆ ಯಾರಾದರೂ ಏನನ್ನಾದರೂ ಊಹಿಸಿಯಾರು. ನಮ್ಮ ಮನೆಯ ಗಂಡಸರು ಸಭೆ ಕರೆದರು.

ಸೈಕಲ್ಲನ್ನು ಪರೀಕ್ಷಿಸಲು ನಮ್ಮ ಕಡೆ ಒಂದೇ ವಿಧಾನ. ಅದರ ಎದುರು ನಿಂತು, ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ಹ್ಯಾಂಡಲ್ಲನ್ನು ಒಮ್ಮೆ ಗಟ್ಟಿಯಾಗಿ ತಿರುಚಬೇಕು. ಹ್ಯಾಂಡಲ್ ಗಾಲಿಗೆ ನೇರವಾಗಿ ಬಂದರೆ ಸೈಕಲ್ ಆರೋಗ್ಯವಾಗಿದೆ ಎಂದು ಅರ್ಥ. ಈ ಪರೀಕ್ಷೆಯಲ್ಲಿ ನಪಾಸಾದ ಸೈಕಲ್ಲನ್ನು ನಾನು ಈವರೆಗೆ ಕಂಡಿಲ್ಲ. ಮೊದಲು ಅಪ್ಪ ತಿರುಚಿದರು. ಆಮೇಲೆ ಯರಗಟ್ಟಿಯಲ್ಲಿ ಕಿರಾಣಿ ಅಂಗಡಿಯಿಟ್ಟಿರುವ ಅವರ ತಮ್ಮ, ನನ್ನ ಕಾಕಾ, ತಿರುಚಿದರು. ಕೊನೆಗೆ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ತಮ್ಮ ಸೇವಾನುಭವವನ್ನೆಲ್ಲ ಮೊಣಕಾಲಿಗಿಳಿಸಿ ತಿರುಚಿದರು. ಮೂವರೂ ಸೈಕಲ್ಲನ್ನು ಪಾಸು ಮಾಡಿದ ಮೇಲೆ ಆರೋಪಿಯ ಜಾಗದಲ್ಲಿ ಉಳಿದವಳು ಅವ್ವನೊಬ್ಬಳೇ. ಅವಳಿಗೆ ಬ್ಯಾಲೆನ್ಸ್ ಇಲ್ಲವೆಂದು ಅಪ್ಪ ಹೇಳಿದರು, ವಯಸ್ಸಾಯಿತೆಂದು ಕಾಕಾ. ಹೆಂಗಸರು ಗಾಡಿ ಹೊಡೆಯುವಾಗ ಅಂಗಡಿಗಳ ಕಡೆ ನೋಡುತ್ತಾರೆಂದು ಡ್ರೈವರು ತಮ್ಮ ಸಂಶೋಧನೆಯನ್ನು ಸೇರಿಸಿದರು. ಅಜ್ಜಿ ಅವ್ವನ ಭುಜಕ್ಕೆ ಎಣ್ಣೆ ತಿಕ್ಕಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದಳು. ನಟ್ಟು ಬಿಚ್ಚುವ ಪಾನಾ ಮುಟ್ಟಿದವರು ಯಾರೂ ಇಲ್ಲ.

ತೀರ್ಪು ಹೀಗಿತ್ತು: ಅವ್ವನ ಸುರಕ್ಷತೆಯ ಸಲುವಾಗಿ ಸೈಕಲ್ ಯರಗಟ್ಟಿಗೆ, ಕಾಕಾನ ಅಂಗಡಿಗೆ. ರವಿವಾರ ಮಧ್ಯಾಹ್ನ ಅವರೇ ಟೆಂಪೋ ತಂದು ಒಯ್ಯುವರು. ಎಂಥ ಔದಾರ್ಯ!

ಧಾರವಾಡದಲ್ಲಿ ಎಂ.ಎ. ಮುಗಿಸಿದ ನಾನು ಆ ವಾರ ಊರಿಗೆ ಬಂದಿದ್ದೆ. ಉತ್ತರದಾಯಿತ್ವ ಎಂಬ ಪದವನ್ನು ಎರಡು ವರ್ಷ ಪ್ರಬಂಧಗಳಲ್ಲಿ ಧಾರಾಳವಾಗಿ ಖರ್ಚು ಮಾಡಿದ್ದ ನಾನು ಒಡನೆಯೇ ಸಿಡಿದೆದ್ದೆ ಎಂದು ಬರೆಯಲು ಆಸೆಯಾಗುತ್ತದೆ. ನಿಜವೇನೆಂದರೆ, ಮೊದಲ ಬೀಳುವಿಕೆಯ ಸುದ್ದಿಯನ್ನು ಫೋನಿನಲ್ಲಿ ಕೇಳಿ ನಾನೂ ನಕ್ಕಿದ್ದೆ.

ನಗು ನಿಂತದ್ದು ಶನಿವಾರ ಅವ್ವನ ಬಲ ಅಂಗೈಯನ್ನು ಕಂಡಾಗ. ಹ್ಯಾಂಡಲ್ ಹಿಡಿಯುವ ಜಾಗದಲ್ಲಿ ಚರ್ಮ ದಡ್ಡುಗಟ್ಟಿತ್ತು, ಎಡ ಅಂಗೈ ಮೆತ್ತಗೇ ಇತ್ತು. ಗಾಡಿ ಎಡಕ್ಕೆ ಹೋಗದಂತೆ ಅವಳು ದಿನವಿಡೀ ಅದರೊಂದಿಗೆ ಸೆಣಸುತ್ತಿದ್ದಳು.

ರವಿವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಮುಂದಿನ ಗಾಲಿಯನ್ನು ಹಿಡಿದಿರುವ ಎರಡು ಕಾಲುಗಳ ಭಾಗಕ್ಕೆ ಫೋರ್ಕ್ ಎನ್ನುತ್ತಾರೆ. ಗಾಲಿ ಅದರ ಎರಡು ಕಾಲುಗಳ ನಡುವೆ ಸಮನಾಗಿ ಕೂತಿರಬೇಕು. ನಮ್ಮದು ಫೋರ್ಕಿನ ಎಡಬದಿಯ ಕಾಲಿಗೆ ಒತ್ತಿಕೊಂಡಿತ್ತು. ಬಲಗಡೆ ನನ್ನ ಹೆಬ್ಬೆರಳು ತೂರುತ್ತಿತ್ತು, ಎಡಗಡೆ ಕಿರುಬೆರಳಿಗೂ ಎಡೆಯಿರಲಿಲ್ಲ. ನಟ್ಟು ಸಡಿಲಿಸಿ, ಗಾಲಿಯನ್ನು ಮತ್ತೆ ನೆಟ್ಟಗೆ ಕೂರಿಸಿ ಬಿಗಿದೆ. ಪ್ರಯೋಜನವಾಗಲಿಲ್ಲ. ಅವ್ವನ ಚಾಕ್ ತುಂಡನ್ನು ಫೋರ್ಕಿಗೆ ಆನಿಸಿ ಹಿಡಿದು ಗಾಲಿ ತಿರುಗಿಸಿದೆ. ರಿಮ್ಮಿನ ಸುತ್ತ ಗೆರೆ ಎಲ್ಲಿಯೂ ಕಡಿಯದೆ ಬಿತ್ತು. ಅಂದರೆ ಗಾಲಿ ಓಲಾಡುತ್ತಿರಲಿಲ್ಲ.

ಕಡೆಯ ಪರೀಕ್ಷೆ ಬಹಳ ಸರಳ. ಗಾಲಿಯನ್ನು ಪೂರ್ತಿ ಬಿಚ್ಚಿ, ಎಡಬದಿ ಬಲಕ್ಕೆ ಬರುವಂತೆ ತಿರುವಿ ಹಾಕಬೇಕು. ತಪ್ಪು ಗಾಲಿಯದಾದರೆ ಅದು ಗಾಲಿಯ ಜೊತೆಗೇ ಬಲಕ್ಕೆ ಬರುತ್ತದೆ. ಫೋರ್ಕಿನದಾದರೆ ಎಡದಲ್ಲೇ ಉಳಿಯುತ್ತದೆ. ತಿರುವಿ ಹಾಕಿದೆ. ಗಾಲಿ ಮತ್ತೆ ಎಡಬದಿಯ ಕಾಲಿಗೇ ಒತ್ತಿಕೊಂಡಿತು. ಪಕ್ಕದಿಂದ ಬಗ್ಗಿ ನೋಡಿದಾಗ ಫೋರ್ಕಿನ ಎಡಗಾಲು ಬಲಗಾಲಿಗಿಂತ ತುಸು ಹಿಂದಕ್ಕೆ ಸರಿದಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಬಲವಾಗಿ ಡಿಕ್ಕಿ ಹೊಡೆಯದೆ ಕಬ್ಬಿಣ ಹಾಗೆ ಬಾಗುವುದಿಲ್ಲ.

ಕಾಜಾ ಹೊಲಿಯುತ್ತ ಕೂತಿದ್ದ ಅವ್ವನಿಗೆ ಇದನ್ನು ವಿಜಯೋತ್ಸಾಹದಿಂದ ವರದಿ ಮಾಡಿದೆ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

“ಗೊತ್ತೈತಿ. ನಿಮ್ಮ ಕಾಕಾ ಇಲ್ಲಿಗೆ ಬಂದಾಗ ಇದರ ಮ್ಯಾಲ ಗ್ಯಾಸ್ ಸಿಲಿಂಡರ್ ಹೇರಕೊಂಡ ಹೋಗಿ ಸೇತುವಿ ಕಲ್ಲಿಗೆ ಗುದ್ದಿದ್ರು.”

“ಮತ್ತ ಯಾಕ ಹೇಳಲಿಲ್ಲ ಅವ್ವಾ?”

“ಹೇಳೇನಲ್ಲ. ನಿಮ್ಮಪ್ಪಗ ಹೇಳ್ದೆ, ನಿಮ್ಮ ಅಜ್ಜಿಗೆ ಹೇಳ್ದೆ. ನಿನಗೂ ಹೇಳಿದ್ದೆ, ಫೋನಿನ್ಯಾಗ. ನೀ ಏನೋ ಬರಿಯಾಕ ಹತ್ತೇನಿ ಅಂದಿ.”

ನಾನಾಗ ಬರೆಯುತ್ತಿದ್ದದ್ದು ಹೆಣ್ಣುಮಕ್ಕಳ ದನಿಯನ್ನು ಸಮಾಜ ಕೇಳಿಸಿಕೊಳ್ಳುವುದಿಲ್ಲ ಎಂಬ ವಿಷಯದ ಮೇಲೆ. ಆ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂದಿತ್ತು. ತಪ್ಪಾಯಿತೆಂದು ಅವ್ವನಿಗೆ ಅಲ್ಲೇ ಹೇಳಿದೆ. ದಾರ ಕಡಿದು ಕೊಡು ಎಂದಳು.

ಮಧ್ಯಾಹ್ನ ಕಾಕಾ ಟೆಂಪೋದೊಂದಿಗೆ ಬಂದರು. ಗಾಲಿಯನ್ನು ಅವರ ಕೈಗೇ ಕೊಟ್ಟು, ತಿರುವಿ ಹಾಕಿ ನೋಡಿರೆಂದು ಕೇಳಿಕೊಂಡೆ. ಓದಿದವರ ಹುಚ್ಚಾಟವೆಂಬಂತೆ ನಗುತ್ತ ತಿರುವಿ ಹಾಕಿದರು; ಗಾಲಿ ಎಡಕ್ಕೇ ಒತ್ತಿಕೊಂಡಾಗ ನಗು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ತಿರುವಿ ಹಾಕಿದರು. ಆಮೇಲೆ ಗಾಡಿ ಹಳೆಯದೆಂದರು, ರಸ್ತೆ ಕೆಟ್ಟಿದೆಯೆಂದರು, ಈಗಿನ ಕಬ್ಬಿಣವೇ ಸರಿಯಿಲ್ಲವೆಂದರು. ಇಡೀ ಲೋಹೋದ್ಯಮದ ಮೇಲೆ ಆಪಾದನೆ ಬಂತು, ಸಿಲಿಂಡರಿನ ಮಾತು ಬರಲಿಲ್ಲ. ಅಪ್ಪ ಪೇಪರ್ ಓದುತ್ತಿದ್ದರು.

ಆಗ ಅವ್ವ ಹೊಲಿದ ಬ್ಲೌಸುಗಳ ಚೀಲವನ್ನು ತಂದು ಕಾಕಾನ ಎದುರಿಗಿಟ್ಟಳು.

“ಕಾಕಾರ, ಸೈಕಲ್ ಬೇಕಂದ್ರ ಒಯ್ಯರಿ. ಇವನ್ನೂ ನೀವ ಮುಟ್ಟಸ್ರಿ. ಅಳತಿ ತಗೊಳ್ಳೂದಿದ್ರ ಅದನ್ನೂ ನೀವ ತಗೊಂಡ ಬರ್ರಿ.”

ಟೆಂಪೋ ಚಾಲಕ ಕೆಮ್ಮಿ ಮುಖ ತಿರುಗಿಸಿಕೊಂಡ. ಕಾಕಾ ಸೈಕಲ್ಲನ್ನು ಟೆಂಪೋಕ್ಕೆ ಏರಿಸಿದರು ನಿಜ; ಆದರೆ ಅದು ಯರಗಟ್ಟಿಗೆ ಹೋಗಲಿಲ್ಲ, ಪೇಟೆಯ ಸೈಕಲ್ ಅಂಗಡಿಗೆ ಹೋಗಿ ಸಂಜೆಯ ಹೊತ್ತಿಗೆ ಹೊಸ ಫೋರ್ಕಿನೊಂದಿಗೆ ಮರಳಿತು. ತಂದು ಬಿಟ್ಟವನು ಚಾಲಕ. ಕಾಕಾ ತುರ್ತು ಕೆಲಸದ ನಿಮಿತ್ತ ಬಸ್ ಹಿಡಿದಿದ್ದರು.

ಮರುವಾರ ಮನೆಗೆ ಬಂದ ನೆಂಟರೊಬ್ಬರ ಮುಂದೆ ಅಪ್ಪ ಚಹಾ ಹೀರುತ್ತ, ಇವಳಿಗೆ ಈಗ ಬ್ಯಾಲೆನ್ಸ್ ಬಂದಿದೆ, ನೆಟ್ಟಗೆ ಹೊಡೆಯುತ್ತಾಳೆ ಎಂದು ಸಮಾಧಾನ ಪಟ್ಟರು. ಫೋರ್ಕ್ ಬಾಗಿತ್ತೆಂದು ನಾನು ತಿದ್ದಿದೆ. ಹೌದು, ಅದೂ ಒಂದು ಇತ್ತು ಎಂದು ಒಪ್ಪಿದರು.

“ಯಾರು ಬಗ್ಗಿಸಿದ್ರು ಅಪ್ಪಾ?”

ಅವರು ರಸ್ತೆಯ ಕಥೆ ತೆಗೆದರು. ಪ್ರಶ್ನೆಯನ್ನು ಅದೇ ಶಬ್ದಗಳಲ್ಲಿ ಮತ್ತೊಮ್ಮೆ ಕೇಳಿದೆ. ನೆಂಟರು ಚಹಾದ ಬಶಿಯನ್ನು ಕೆಳಗಿಟ್ಟರು.

“ನನ್ನ ತಮ್ಮ,” ಎಂದರು ಅಪ್ಪ, ಕಪ್ಪಿನೊಳಕ್ಕೆ.

ಈ ಮಾತು ಯಾರಿಗೆ ಸಲ್ಲಬೇಕಿತ್ತೋ ಅವಳು ಅಲ್ಲಿರಲಿಲ್ಲ. ಎರಡು ಬ್ಲೌಸು ಮುಟ್ಟಿಸಲು ಹೊಸ ಬಡಾವಣೆಗೆ ಹೋಗಿದ್ದಳು. ಬಂದ ಮೇಲೆ ಇನ್ನೊಮ್ಮೆ ಹೇಳಬೇಕಾಗುತ್ತದೆಂದು ಅಪ್ಪನಿಗೆ ತಿಳಿಸಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ.