ಹಳದಿ ಗೋಡೆ ಬಿಳಿಯಾದದ್ದು

ನನ್ನ ಭಾವ ಯಜ್ಞೇಶ್ವರರಂಥ ಒಣಜಂಬದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲು ನಡೆಸಿದರು. ಈಗ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಲಿಫ್ಟಿನಲ್ಲಿ ಪಾನ್ ಉಗುಳಿದವರನ್ನು ಹುಡುಕುವುದೇ ಘನಕಾರ್ಯ.

೨೦೧೪ರಲ್ಲಿ ಮಲಗುವ ಕೋಣೆಗೆ ದೊಡ್ಡ ಪ್ಲೈವುಡ್ ಕಪಾಟು ಮಾಡಿಸಿದರು. ಅದರ ಅಂಟಿನ ಘಾಟಿಗೆ ಕಣ್ಣು ಉರಿಯುತ್ತಿತ್ತು. ಕಿಟಕಿ ತೆರೆದರೆ ಕಾರ್ಖಾನೆಗಳ ಕೆಮಿಕಲ್ ವಾಸನೆ. ನನ್ನ ಅಕ್ಕ ವಿನೋದಾಳಿಗೆ ಮೊದಲೇ ದಮ್ಮು. ಆ ಕೋಣೆಯಲ್ಲಿ ಅವಳು ಕೂತೇ ರಾತ್ರಿ ಕಳೆಯುವಂತಾಯಿತು.

"ಮಾಡಿಸಿದ್ದನ್ನು ಕಿತ್ತು ಬಿಸಾಡುವುದಾ? ಜನ ನಗುವುದಿಲ್ಲವಾ?" ಎಂದರು ಮಹಾಶಯರು.

ಅವರ ಮಗಳು ನಿಶ್ಮಿತಾ ಕಾಲೇಜಿನ ಲ್ಯಾಬಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬೆಳಕು ಬಿದ್ದರೆ ಅದು ಗಾಳಿಯಲ್ಲಿನ ವಿಷವನ್ನು ಒಡೆಯುತ್ತದೆ. ಮಾಮೂಲಿ ಬಿಳಿ ಪುಡಿಗೆ ಬಿಸಿಲೇ ಬೇಕು. ಇವಳು ಸಾರಜನಕ ಸೇರಿಸಿದ ಪುಡಿಗೆ ಟ್ಯೂಬ್‌ಲೈಟ್ ಸಾಕು. ಆದರೆ ಅದರ ಬಣ್ಣ ಹಳದಿ. ಕಪಾಟಿನ ಎದುರಿನ ಗೋಡೆಗೆ ಅದನ್ನೇ ಬಳಿದು, "ಘಾಟು ಪೂರ್ತಿ ಹೋಗಲ್ಲ ಅಮ್ಮ, ಕಮ್ಮಿ ಆಗ್ತದೆ" ಎಂದಳು. ತಿಂಗಳೊಳಗೆ ಅಕ್ಕ ಮಲಗಿ ನಿದ್ದೆ ಮಾಡಿದಳು.

ಅಷ್ಟರಲ್ಲಿ ನಿಶ್ಮಿತಾಳನ್ನು ನೋಡಲು ಗಂಡಿನ ಕಡೆಯವರು ಬರುವುದಾಯಿತು. ಬಂದವರಿಗೆ ಕಪಾಟು ತೋರಿಸದಿದ್ದರೆ ಭಾವನಿಗೆ ತಿಂದದ್ದು ಅರಗುತ್ತದೆಯೇ?

"ಎಂತ ಇದು, ಗೋಡೆಗೆ ಕಾಮಾಲೆ ಹಿಡಿದ ಹಾಗೆ ಉಂಟು!" ಎಂದವರೇ, ಮಗಳು ಕಾಲೇಜಿಗೆ ಹೋದಾಗ ಪೇಂಟರನ್ನು ಕರೆಸಿ ಮೇಲಿಂದ ಬಿಳಿ ಎಣ್ಣೆಬಣ್ಣ ಹೊಡೆಸಿದರು.

ನಿಶ್ಮಿತಾ ಬಂದು ನೋಡಿ ಕಿರುಚಿದಳು. "ಪಪ್ಪಾ, ಯೇ ಕ್ಯಾ ಕಿಯಾ! ಅದರ ಮೇಲೆ ಲೈಟ್ ಬೀಳ್ಬೇಕು!"

"ನಿನ್ನ ಪುಡಿ ಎಲ್ಲಿಗೂ ಹೋಗಲಿಲ್ಲ ಮಾರಾಯ್ತಿ. ಅಡಿಯಲ್ಲೇ ಉಂಟಲ್ಲ?"

ಥೂ! ಇಂಥ ಬುದ್ಧಿಗೆ ಏನನ್ನಬೇಕು?

ಗಂಡಿನ ಕಡೆಯವರು ಶೀರಾ ತಿನ್ನುತ್ತಿದ್ದಾಗಲೇ ಹಸಿ ಬಣ್ಣದ ಘಾಟಿಗೆ ಅಕ್ಕನ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಹೆಣ್ಣು ನೋಡುವ ದಿನವೆಂದು ಬಂದಿದ್ದ ನಾನೂ ನಿಶ್ಮಿತಾಳೂ ಅವಳನ್ನು ಎತ್ತಿ ರಿಕ್ಷಾಕ್ಕೆ ಹಾಕಿದೆವು. ಭಾವ ಮಾತ್ರ, "ಅವಳಿಗೆ ಇದು ಯಾವಾಗಲೂ ಇದ್ದದ್ದೇ" ಎಂದು ನೆಂಟರಿಗೆ ಕಪಾಟಿನ ಬಾಗಿಲು ತೆರೆದು ತೋರಿಸುತ್ತಿದ್ದರು.

ಆಸ್ಪತ್ರೆಯಿಂದ ಅಕ್ಕನನ್ನು ಸಾನಪಾಡಾದ ನನ್ನ ಮನೆಗೇ ಕರೆತಂದೆ. ವಾರ ಕಳೆದು ಭಾವ ಇಸ್ತ್ರಿ ಶರಟು ಹಾಕಿಕೊಂಡು ಬಂದರು.

"ವಾಸನೆ ಎಲ್ಲ ಹೋಯಿತು ವಿನೋದಾ, ಹೊರಡು. ಹೆಂಡತಿ ಎಲ್ಲಿ ಅಂತ ಜನ ಕೇಳ್ತಾರೆ."

ಮದುವೆಯಾದಂದಿನಿಂದ ಗಂಡನಿಗೆ ಎದುರಾಡದ ಅಕ್ಕ ಮಂಚದಿಂದ ಏಳಲೂ ಇಲ್ಲ.

"ಗೋಡೆ ಬೆಳ್ಳಗೆ ಉಂಟಲ್ಲ, ಕೇಳಿದವರಿಗೆ ಅದನ್ನು ತೋರಿಸಿ. ನಾನು ಇಲ್ಲಿ ಉಸಿರಾಡ್ತೇನೆ."